ಅವ್ವ ಎಲ್ಲಾ ಮರೆತಳು, ಬೊಗಸೆ ಮರೆಯಲಿಲ್ಲ

ಮೊನ್ನೆ ಒಂದು ಕಾರ್ಯಕ್ರಮದಲ್ಲಿ ಒಬ್ಬ ದೊಡ್ಡವರು ಭಾಷಣ ಮಾಡಿದರು. "ವೃದ್ಧಾಶ್ರಮಗಳು ಹೆಚ್ಚಾಗ್ತಿರೋದು ನಮ್ಮ ಸಂಸ್ಕೃತಿಗೆ ಕಳಂಕ. ಹೆತ್ತವರನ್ನ ಹೊರಗ ಹಾಕೋ ಮಕ್ಕಳು ಮನುಷ್ಯರೇ ಅಲ್ಲ." ಸಭೆ ಚಪ್ಪಾಳೆ ಹೊಡೀತು. ನಾನೂ ಅದೇ ವೇದಿಕೆ ಮೇಲಿದ್ದೆ. ನನ್ನ ಕೈ ಮೇಲೇಳಲಿಲ್ಲ. ಯಾಕಂದ್ರೆ ಅವತ್ತು ಬೆಳಿಗ್ಗೆ ನಮ್ಮವ್ವನ್ನ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಬಂದಿದ್ದೆ.

ಹೌದು. ಇಪ್ಪತ್ತು ವರ್ಷದಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕೇರಿ ಕೇರಿ ತಿರುಗಿ ಬಿಡುಗಡೆ, ಸ್ವಾಭಿಮಾನ ಅಂತ ಮಾತಾಡಿದವನು ನಾನು. ಹೆತ್ತವ್ವನಿಗೆ ಚಿಲಕ ಹಾಕಿದ್ದೇನೆ. ಒಂದೆರಡು ಸಲ ಅವಳದೇ ಹಳೇ ಸೀರೆಯಿಂದ ಅವಳ ಕಾಲನ್ನು ಮಂಚಕ್ಕೆ ಕಟ್ಟಿದ್ದೂ ಇದೆ. ಬೈಯೋರು ಬೈಯಿರಿ. ಆದರೆ ಪೂರ್ತಿ ಓದಿ ಬೈಯಿರಿ.

ನಮ್ಮವ್ವನ ವಯಸ್ಸು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇದೆ. ನಮ್ಮ ಕೇರಿಯ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು! ಎಪ್ಪತ್ತೈದು ಇರಬಹುದು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದಾಗಿನಿಂದ ಮಂದಿಯ ಗದ್ದೆಯಲ್ಲಿ ನಾಟಿ ಹಚ್ಚಿದವಳು. ಕಾಲುವೆ ಬಂದು ಸಿಂಧನೂರು ಭತ್ತದ ಕಣಜ ಆಯ್ತು, ರೈಸ್ ಮಿಲ್ಲುಗಳಾದವು. ಅವ್ವನ ಹೆಸರಿಗೆ ಒಂದು ಗುಂಟೆ ಆಗಲಿಲ್ಲ.

ಐದು ವರ್ಷದ ಹಿಂದೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕೋಕೆ ಶುರು ಮಾಡಿದಳು. ರೊಟ್ಟಿ ಹಂಚಿನ ಮೇಲೆ ಹಾಕಿ, ಮಗುಚಿ ಹಾಕೋದನ್ನೇ ಮರೆತು, ಸುಡೋ ರೊಟ್ಟಿ ನೋಡ್ತಾ ಕೂರೋಳು. ನಾವು ನಕ್ಕೆವು. "ಅರವತ್ತಕ್ಕೆ ಅರಳು ಮರಳು" ಅಂದೆವು. ಓಣಿಯವರು "ಗಾಳಿ ಸೋಕೈತಿ" ಅಂದರು, ತಾಯಿತ ಕಟ್ಟಿಸಿದರು. ನಾನು ವಿಚಾರವಾದಿ, ತಾಯಿತ ಕಿತ್ತು ಹಾಕಿದೆ. ಆದರೆ ಆಸ್ಪತ್ರೆಗೂ ಕರ್ಕೊಂಡು ಹೋಗಲಿಲ್ಲ. ಗಾದೆ ನಂಬಿದ ನನಗೂ ತಾಯಿತ ನಂಬಿದವರಿಗೂ ಏನು ವ್ಯತ್ಯಾಸ? ಎರಡು ವರ್ಷ ಹಂಗೇ ಹೋಯ್ತು.

ಒಂದು ಸಂಜೆ ಅವ್ವ ಮನೆಯಲ್ಲಿಲ್ಲ. ರಾತ್ರಿ ಹತ್ತಕ್ಕೆ ಕಾಲುವೆ ದಂಡೆ ಮೇಲೆ ಸಿಕ್ಕಳು. ಮಸ್ಕಿ ಕಡೆ ಹೊರಟಿದ್ದಳು, ತವರಿಗೆ. "ನಮ್ಮಪ್ಪ ದಾರಿ ಕಾಯಕತ್ಯಾನ" ಅಂದಳು. ಅವಳಪ್ಪ ಸತ್ತು ನಲವತ್ತು ವರ್ಷ. ನನ್ನನ್ನು ನೋಡಿ "ನೀ ಯಾರ ಮಗನೋ ತಮ್ಮಾ?" ಅಂದಳು. ಚಿಲಕ ಶುರುವಾಗಿದ್ದು ಆ ರಾತ್ರಿಯಿಂದ. ಕಾಲುವೆ ತುಂಬಿ ಹರಿಯುತ್ತಿತ್ತು ಸಾರ್. ಸಂಸ್ಕೃತಿ ಅಲ್ಲ, ಕಾಲುವೆ.

ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರೇ. ಕಾಗದ ತೆಗೆದು ಕೇಳಿದರು: ಇವತ್ತು ತಾರೀಖು ಎಷ್ಟು? ನೂರರಲ್ಲಿ ಏಳು ಕಳೆದರೆ ಎಷ್ಟು? ಒಂದು ವಾಕ್ಯ ಬರೀರಿ. ಅವ್ವ ನನ್ನ ಮುಖ ನೋಡಿದಳು. ಶಾಲೆಯ ಹೊಸ್ತಿಲು ತುಳಿಯದವಳಿಗೆ, ಹುಷಾರಿದ್ದಾಗಲೂ ತಾರೀಖು ಗೊತ್ತಿರಲಿಲ್ಲ. ಎಳ್ಳಮಾಸಿ ಯಾವಾಗ, ಯಾರ ಹೊಲದ ಕೂಲಿ ಎಷ್ಟು ಬಾಕಿ, ಯಾವ ಎಮ್ಮೆ ಯಾವಾಗ ಈಯುತ್ತೆ, ಇವೆಲ್ಲ ಬೆರಳ ತುದಿಯಲ್ಲಿತ್ತು. ಆ ಕಾಗದದಲ್ಲಿ ಎಮ್ಮೆ ಇರಲಿಲ್ಲ. ಓದಿದವರಿಗಾಗಿ ಮಾಡಿದ ಪರೀಕ್ಷೆಯಲ್ಲಿ ಅವ್ವ ಜೀವನದಲ್ಲಿ ಮೊದಲ ಸಲ ಫೇಲಾದಳು. ಕೊನೆಗೆ ಡಾಕ್ಟರೇ ಕಾಗದ ಬದಿಗಿಟ್ಟು, ಅಡಿಗೆ, ದಾರಿ, ದುಡ್ಡಿನ ಲೆಕ್ಕ ಅಂತ ನನ್ನ ಹೆಂಡತಿಯನ್ನು ಕೇಳಿ, ತಲೆ ಸ್ಕ್ಯಾನು ಮಾಡಿಸಿ, ಹೇಳಿದರು: ಡಿಮೆನ್ಶಿಯಾ.

ಈಗ ಎರಡು ಅಂಕಿ ಹೇಳ್ತೀನಿ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ, ಅಂದಾಜು 88 ಲಕ್ಷ ಜನ. ಇದು ಶ್ರೀಮಂತರ ಕಾಯಿಲೆ, ಸಿಟಿಯವರ ಕಾಯಿಲೆ ಅಂದ್ಕೊಂಡಿದ್ರಾ? ನಗರದಲ್ಲಿ ಶೇ. 5.3, ಹಳ್ಳಿಯಲ್ಲಿ ಶೇ. 8.4. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ, ತಡೆಯಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಒಂದು ಚಿಕ್ಕಂದಿನಲ್ಲಿ ಶಿಕ್ಷಣ ಸಿಗದೇ ಇರೋದು. ಬಿಪಿ, ಶುಗರ್, ಕಿವುಡು, ಒಂಟಿತನ ಎಲ್ಲಾ ಅದರಲ್ಲಿವೆ.

ಚಿಕ್ಕಂದಿನಲ್ಲಿ ಶಿಕ್ಷಣ ಸಿಗದೇ ಇರೋದು! ಅದು "ಸಿಗದೇ" ಹೋದದ್ದಾ? ಅವ್ವನ ಕೈಯಿಂದ ಪಾಟಿ ಜಾರಿ ಬಿತ್ತಾ? ಕಿತ್ತುಕೊಂಡಿದ್ದು ಯಾರು? ಸಾವಿರಾರು ವರ್ಷ ಅಕ್ಷರ ಮುಟ್ಟಬೇಡ ಅಂದವರು, ಆ ಅಕ್ಷರವಿಲ್ಲದ ಮಿದುಳು ಮುಪ್ಪಿನಲ್ಲಿ ಬೇಗ ಸೋತಾಗ, "ನೋಡ್ರೀ, ಮಗ ಅವ್ವನ್ನ ನೋಡ್ಕೊಳ್ತಿಲ್ಲ" ಅಂತಾರೆ.

ಅವ್ವ ನನ್ನ ಹೆಸರು ಮರೆತಳು. ಸತ್ತ ಗಂಡನ್ನ ಮರೆತಳು. ಹೆತ್ತ ಐವರಲ್ಲಿ ಉಳಿದ ಮೂವರು ಯಾರು, ಹೋದ ಇಬ್ಬರು ಯಾರು ಅನ್ನೋದೂ ಮರೆತಳು. ಒಂದು ಮಧ್ಯಾಹ್ನ ನನ್ನ ಹೆಂಡತಿ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು. ಅವ್ವ ಲೋಟ ಮುಟ್ಟಲಿಲ್ಲ. ಬಗ್ಗಿ ಕೂತು ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು, ಮೇಲಿನಿಂದ ಹುಯ್ಯಲಿ ಅಂತ. ಸ್ವಂತ ಮನೆಯಲ್ಲಿ. ಸ್ವಂತ ಸೊಸೆಯ ಮುಂದೆ. "ಅತ್ತಿ, ಇದು ನಿಮ್ಮ ಮನಿ" ಅಂದರೂ ಬೊಗಸೆ ಇಳಿಸಲಿಲ್ಲ. ಕೊನೆಗೆ ಅವಳು ಅಳ್ತಾ ಹುಯ್ದಳು, ಅವ್ವ ಕುಡಿದಳು.

ಈ ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತೆ, ಹಳೇದು ಕೊನೆಗೆ ಅಂತ ಡಾಕ್ಟರು ಹೇಳಿದರು. ಅಂದ್ರೆ ನಾವು ಕಟ್ಟಿಸಿದ ಮನೆ, ನಾನು ಓದಿದ ಡಿಗ್ರಿ, ನಮ್ಮ ಸಂಘ, ನಮ್ಮ ಹೋರಾಟ ಎಲ್ಲಾ ಮೊದಲು ಅಳಿಸಿ ಹೋಯ್ತು. ಉಳಿದದ್ದು ಹೋಟೆಲಿನ ಹೊರಗಿನ ಬೊಗಸೆ, ಗೌಡರ ಓಣಿ ಬಂದಾಗ ಕೈಗೆ ತಗೊಳ್ಳೋ ಚಪ್ಪಲಿ. "ಈಗ ಜಾತಿ ಎಲ್ಲಿದೆ ಸಾರ್?" ಅಂತ ಕೇಳೋರು ಬನ್ನಿ, ನಮ್ಮ ಮನೆಗೆ ಬಂದು ನಮ್ಮವ್ವನ್ನ ನೋಡಿ.

ಹೆಂಡತಿ ಸೊರಗಿ ಹೋದಳು. ರಾತ್ರಿ ನಿದ್ದೆ ಇಲ್ಲ, ಕೂಲಿಗೆ ಹೋಗಂಗಿಲ್ಲ. ಆಶ್ರಮ ಹುಡುಕಿದೆ. ಊರು, ಹೆಸರು ಹೇಳಲ್ಲ. ಮೊದಲನೇದರಲ್ಲಿ, "ತಮ್ಮ ಕೆಲಸ ತಾವು ಮಾಡ್ಕೊಳ್ಳೋರನ್ನ ಮಾತ್ರ ತಗೋತೀವ್ರಿ, ಮರೆವಿನವರು ಬ್ಯಾಡ" ಅಂದರು. ಅವರನ್ನು ದೂರಲ್ಲ. ದಾನದ ಅಕ್ಕಿಯಲ್ಲಿ, ಇಬ್ಬರೇ ಆಳು ಇಟ್ಕೊಂಡು ನಡೆಸ್ತಾರೆ. ಎರಡನೇದರಲ್ಲಿ ಫಾರ್ಮಿನಲ್ಲಿ ಜಾತಿ ಕೇಳಿದರು, ಬರೆದೆ. ಹನ್ನೊಂದನೇ ದಿನ ಫೋನು: "ನಿಮ್ಮ ತಾಯಿ ಹೊಂದ್ಕೊಳ್ತಿಲ್ರೀ." ಕರೆದುಕೊಂಡು ಬರುವಾಗ ಅಲ್ಲಿನ ಅಡಿಗೆಯಾಕೆ ಗೇಟಿನ ಹತ್ರ ಮೆಲ್ಲಗೆ ಹೇಳಿದಳು: "ಅವ್ವ ಹೊಂದ್ಕೊಂಡಿದ್ದಳಣ್ಣ. ಪಂಕ್ತಿಯಾಗ ಕೂಡೋರಿಗೆ ಹೊಂದಿಕೆ ಆಗಲಿಲ್ಲ." ಅಲ್ಲಿದ್ದವರೂ ಅರ್ಧ ಮರೆತವರೇ. ಅವರಿಗೂ ಒಂದು ಮಾತ್ರ ಮರೆತಿರಲಿಲ್ಲ.

ಮೂರನೇದು ಬೆಂಗಳೂರಿನ ಒಂದು ಖಾಸಗಿ ಕೇಂದ್ರ. ಮರೆವಿನವರಿಗಂತಲೇ ಇರೋದು. ದಾರಿ ತಪ್ಪದ ಹಂಗೆ ತೋಟ, ಬಾಗಿಲಿಗೆ ಬಣ್ಣ, ಹಳೇ ಹಾಡು, ರಾತ್ರಿ ಪಾಳಿ ಆಯಾ. ಯಾರ ಕಾಲಿಗೂ ಸೀರೆ ಕಟ್ಟಿರಲಿಲ್ಲ. ಚೆನ್ನಾಗಿದೆ ಅಂತ ಒಪ್ಕೊಳ್ತೀನಿ, ಇಂಥದು ನಮಗೂ ಬೇಕು ಅನ್ನೋದೇ ನನ್ನ ವಾದ. ತಿಂಗಳಿಗೆ 45 ಸಾವಿರ. ಅವ್ವನ ಪಿಂಚಣಿ 1,200. ಮೂರು ವರ್ಷದ ಮೇಲೆ ಪಿಂಚಣಿ ಕೂಡಿಟ್ಟರೆ ಒಂದು ತಿಂಗಳು ಇರಬಹುದು! 80 ತುಂಬೋವರೆಗೆ ವೃದ್ಧಾಪ್ಯ ವೇತನಕ್ಕೆ ದಿಲ್ಲಿ ಸರ್ಕಾರ ಕೊಡೋ ಪಾಲು ತಿಂಗಳಿಗೆ 200 ರೂಪಾಯಿ.

ಆ ಕೇಂದ್ರದ ವಿಳಾಸ ನನಗೆ ಹೆಂಗೆ ಸಿಕ್ತು ಗೊತ್ತಾ? ನಮ್ಮ ಚಿಕ್ಕಮ್ಮನ ಮಗಳು ಅಲ್ಲೇ ಆಯಾ. ಲಿಂಗಸುಗೂರು ತಾಲೂಕಿನವಳು. ಗುಳೆ ಹೋದ ಗಂಡನ ಹಿಂದೆ ಬೆಂಗಳೂರಿಗೆ ಹೋದಳು. ಅವಳ ಜೊತೆ ರಾತ್ರಿ ಪಾಳಿಯಲ್ಲಿದ್ದ ಹೆಂಗಸರನ್ನು ಮಾತಾಡಿಸಿದೆ: ಒಬ್ಬಾಕೆ ಮಸ್ಕಿ ಕಡೆಯವಳು, ಒಬ್ಬಾಕೆ ದೇವದುರ್ಗ, ಒಬ್ಬಾಕೆ ಯಾದಗಿರಿ. ಎಲ್ಲಾ ನಮ್ಮ ಕೇರಿಯವರೇ. ದೊಡ್ಡ ಮನೆತನದ ಮುದುಕರ ಹೊಲಸು ತೊಳೆದು, ತಲೆ ಬಾಚಿ, ತುತ್ತು ಮಾಡಿ ತಿನ್ನಿಸ್ತಾರೆ. ಮರೆತ ಮುದುಕಿಯರು ಇವರನ್ನೇ "ಮಗಳೇ" ಅಂತಾರೆ. ನೆನಪಿರೋ ಮುದುಕಿಯರು ಮೊದಲು ಜಾತಿ ಕೇಳ್ತಾರೆ. ನನ್ನ ತಂಗಿಯ ಅವ್ವನಿಗೂ ಈಗ ಮರೆವು ಶುರುವಾಗಿದೆ. ಅವಳು ಲಿಂಗಸುಗೂರಿನ ಹಳ್ಳಿಯಲ್ಲಿ ಒಬ್ಬಳೇ. ಮುದುಕರನ್ನು ನೋಡಿಕೊಳ್ಳೋ ಕೈಗಳು ನಮ್ಮವು, ನೋಡಿಕೊಳ್ಳೋರಿಲ್ಲದ ಮುದುಕರೂ ನಮ್ಮವರೇ. ಈಗ ಹೇಳಿ, ಸಂಸ್ಕೃತಿಗೆ ಕಳಂಕ ಯಾರು?

ಇನ್ನು ದೇವದಾಸಿ ಪದ್ಧತಿಗೆ ಬಲಿಯಾದ ತಾಯಂದಿರು. 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಜನರನ್ನು ಗುರುತಿಸಿದ್ದರು. ನಮ್ಮ ರಾಯಚೂರು ಜಿಲ್ಲೆಯೂ ಅದರಲ್ಲಿದೆ. ಅವರೆಲ್ಲ ಮುಪ್ಪಿಗೆ ಬಂದಿದ್ದಾರೆ. "ಮಗ ನೋಡ್ಕೋಬೇಕು, ಗಂಡ ನೋಡ್ಕೋಬೇಕು" ಅನ್ನೋ ನಿಮ್ಮ ಸಂಸ್ಕೃತಿ ಭಾಷಣದಲ್ಲಿ ಇವರ ಜಾಗ ಎಲ್ಲಿ?

ಕಾನೂನು ಇಲ್ವಾ? ಇದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, 2007. ಹಿರಿಯರನ್ನು ಬಿಟ್ಟು ಹೋದ ಮಕ್ಕಳಿಗೆ ಮೂರು ತಿಂಗಳವರೆಗೆ ಜೈಲು ಅಂತ 24ನೇ ಕಲಂ ಹೇಳುತ್ತೆ. ಅದೇ ಕಾಯ್ದೆಯ 19ನೇ ಕಲಂ ಓದಿ: ಪ್ರತಿ ಜಿಲ್ಲೆಗೆ ಕನಿಷ್ಠ 150 ಬಡ ಹಿರಿಯರಿಗಾಗಿ ಒಂದು ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸ"ಬಹುದು". ಮಕ್ಕಳಿಗೆ ಜೈಲು, ಸರ್ಕಾರಕ್ಕೆ "ಬಹುದು"! 20ನೇ ಕಲಂ ಪ್ರಕಾರ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಮುಪ್ಪಿನ ರೋಗಿಗಳಿಗೆ ಮೀಸಲಾದ ವಿಭಾಗ, ಅನುಭವ ಇರೋ ವೈದ್ಯರು ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಪಾರ್ಕಿನ್‌ಸನ್ ಹೆಸರಿದೆ, ಡಿಮೆನ್ಶಿಯಾ ಅಂತ ಹೆಸರು ಹಿಡಿದು ಎಲ್ಲೂ ಇಲ್ಲ. ಬಾಬಾಸಾಹೇಬರ ಸಂವಿಧಾನದ 41ನೇ ವಿಧಿ ಮುಪ್ಪು, ಕಾಯಿಲೆ, ಅಂಗವೈಕಲ್ಯದಲ್ಲಿ ಸರ್ಕಾರದ ನೆರವು ಜನರ ಹಕ್ಕು ಆಗಬೇಕು ಅಂತು. ಅದು ಇನ್ನೂ ನಿರ್ದೇಶಕ ತತ್ವವಾಗೇ ಉಳಿದಿದೆ.

ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಮಿದುಳು ಆರೋಗ್ಯದ ಯೋಜನೆ ಮಾಡಿತು, ಒಳ್ಳೇದು. ಪ್ರಯೋಗ ಶುರು ಮಾಡಿದ್ದು ಎಲ್ಲಿ? ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರ. ನಿಮ್ಹಾನ್ಸ್‌ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದಾದ ಜಿಲ್ಲೆಗಳು! ಆಮೇಲೆ ಜಿಲ್ಲಾಸ್ಪತ್ರೆಗಳಿಗೂ ಅಂದರು. ಕಾಲುವೆ ನೀರಾಗಲಿ, ಯೋಜನೆಯಾಗಲಿ, ನಾವು ಯಾವಾಗಲೂ ಕೊನೇ ಭಾಗದವರು. ರಾಯಚೂರಿಗೆ ಏಮ್ಸ್ ಕೊಡಿ ಅಂತ 2022ರ ಮೇ ತಿಂಗಳಲ್ಲಿ ಧರಣಿ ಕೂತರು, ಅದು ಸಾವಿರ ದಿನ ದಾಟಿತು.

ದುಡ್ಡಿಲ್ಲ ಅನ್ನಬೇಡಿ. 371ಜೆ ಬಂತು, ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಅಂತ ಓದ್ತಾರೆ. ನಮ್ಮ ಹೋರಾಟದಿಂದ 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. 7ಡಿ ರದ್ದು ಮಾಡಿದ್ವಿ ಅಂತ ಬೆನ್ನು ತಟ್ಕೊಂಡ ಅದೇ 2023ರಲ್ಲೇ ಆ ಹಣದಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಲೆಕ್ಕಕ್ಕೆ ಹೋಯ್ತು. ನಮ್ಮ ಹಣ, ನಮ್ಮವ್ವಂದಿರ ಮುಪ್ಪಿಗೆ ಎಷ್ಟು ಬಂತು, ಲೆಕ್ಕ ಕೊಡಿ.

ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರಿರೋ ಶಾಸನ ಇದೆ, 1915ರಲ್ಲಿ ಸಿಕ್ಕಿದ್ದು. ಎರಡು ಸಾವಿರ ವರ್ಷದ ಹಿಂದಿನ ರಾಜನ ಹೆಸರು ಅಳಿಸದ ಹಾಗೆ ಕಾಯೋಕೆ ಒಂದು ಇಲಾಖೆಯೇ ಇದೆ. ಇರಲಿ, ಬೇಕು. ಅದೇ ಊರಿನ ಮುದುಕಿ ತನ್ನ ಹೆಸರು ಮರೆತು ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಕಾಯೋರು ಯಾರು?

ಕೊನೆಗೆ ನಮ್ಮವರಿಗೆ ಒಂದು ಮಾತು. ಸಂಗಾತಿಗಳೇ, ಭೂಮಿ, ಸ್ಮಶಾನ, ಒಳಮೀಸಲಾತಿ, ದೌರ್ಜನ್ಯ ಎಲ್ಲಕ್ಕೂ ಬೀದಿಗಿಳಿದಿದ್ದೇವೆ. ಮುಪ್ಪಿಗೆ ಇಳಿದಿಲ್ಲ. ಯಾಕೆ? ಮನೆಯಲ್ಲಿ ಹೆಂಡತಿ, ಸೊಸೆ, ಮಗಳು ನೋಡ್ಕೊಳ್ತಾರೆ, ಅದಕ್ಕೆ. ನಾನು ಧರಣಿಯಲ್ಲಿ ಘೋಷಣೆ ಕೂಗ್ತಿದ್ದಾಗ ನಮ್ಮವ್ವನ ಬಟ್ಟೆ ತೊಳೆದದ್ದು ನನ್ನ ಹೆಂಡತಿ. ಮೂರು ವರ್ಷ ಅವಳು ಒಂದು ಸಭೆಗೂ ಬಂದಿಲ್ಲ, ನಾನು ಒಮ್ಮೆಯೂ "ಇವತ್ತು ನಾನಿರ್ತೀನಿ, ನೀ ಹೋಗು" ಅಂದಿಲ್ಲ. ಮನೆಯೊಳಗೆ ಬ್ರಾಹ್ಮಣ್ಯ ಇಟ್ಕೊಂಡು ಹೊರಗೆ ಮನುವಾದ ಸುಟ್ಟವನು ನಾನು. ಅವಳ ಹತ್ರ ಕ್ಷಮೆ ಕೇಳಿದ್ದೇನೆ. ಇಲ್ಲೂ ಬರೀತಿದ್ದೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ:

ಒಂದು, ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಸರ್ಕಾರಿ ಹಗಲು ಆರೈಕೆ ಕೇಂದ್ರ. ಬೆಳಿಗ್ಗೆ ಬಿಟ್ಟು ಕೂಲಿಗೆ ಹೋಗಿ ಸಂಜೆ ಕರ್ಕೊಂಡು ಬರಂಗಿರಬೇಕು. ಪಂಕ್ತಿಭೇದ ಮಾಡಿದರೆ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು.

ಎರಡು, ಮನೆ ಮನೆಗೆ ಬಿಪಿ, ಶುಗರ್ ಅಂತ ಬರೋ ಆಶಾ ಅಕ್ಕನ ಕೈಗೆ ಮರೆವಿನ ನಾಲ್ಕು ಪ್ರಶ್ನೆ, ಅಕ್ಷರ ಬಾರದವರಿಗೂ ಒಗ್ಗೋ ಪ್ರಶ್ನೆ. ಅದಕ್ಕೆ ಅವಳಿಗೆ ಸರಿಯಾದ ಕೂಲಿ. ಎಲ್ಲಾ ಮರೆವೂ ಡಿಮೆನ್ಶಿಯಾ ಅಲ್ಲ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಿಂದ ಬಂದ ಮರೆವಿಗೆ ಔಷಧಿ ಇದೆ. ಅದಕ್ಕೇ ಬೇಗ ತೋರಿಸಬೇಕು, ನನ್ನ ಹಂಗೆ ಎರಡು ವರ್ಷ ಕಳೀಬೇಡಿ.

ಮೂರು, ನೋಡಿಕೊಳ್ಳೋ ಹೆಣ್ಣುಮಗಳಿಗೆ ತಿಂಗಳ ಭತ್ಯೆ. ಅದು ಕೆಲಸ, ಧರ್ಮ ಅಲ್ಲ.

ನಾಲ್ಕು, 19ನೇ ಕಲಮಿನ "ಬಹುದು" ಹೋಗಿ "ಲೇಬೇಕು" ಆಗಬೇಕು.

ಅಲ್ಲೀವರೆಗೆ ತೊಂದರೆಯಲ್ಲಿರೋ ಹಿರಿಯರಿಗಾಗಿ 14567 ಸಹಾಯವಾಣಿ ಇದೆ, ನಂಬರ್ ಬರ್ಕೊಳ್ಳಿ. ನಿಮ್ಮ ಮನೆಯಲ್ಲೂ ಇಂಥ ಅವ್ವ, ಅಪ್ಪ ಇದ್ದರೆ ಕಮೆಂಟಿನಲ್ಲಿ ತಾಲೂಕಿನ ಹೆಸರಷ್ಟೇ ಬರೀರಿ. ಎಷ್ಟು ಜನ ಇದ್ದೀವಿ ಅಂತ ಲೆಕ್ಕ ಮಾಡೋಣ, ಆ ಲೆಕ್ಕ ಹಿಡ್ಕೊಂಡು ತಹಸೀಲ್ದಾರ್ ಕಚೇರಿಗೆ ಹೋಗೋಣ. ಈ ಸಲ ಹೆಂಗಸರು ಮುಂದೆ, ನಾವು ಮನೆಯಲ್ಲಿ.

ನಿನ್ನೆ ಹೆಂಡತಿಯನ್ನು ಸಂಘದ ಸಭೆಗೆ ಕಳಿಸಿ ನಾನು ಅವ್ವನ ಜೊತೆ ಕೂತಿದ್ದೆ. ಚಿಲಕ ಹಾಕಲಿಲ್ಲ. ನೀರು ಕೊಟ್ಟೆ, ಮತ್ತೆ ಬೊಗಸೆ ಒಡ್ಡಿದಳು. ನಾನೂ ಅವಳ ಪಕ್ಕ ಕೂತು ಅದೇ ಲೋಟದಿಂದ ಒಂದು ಗುಟುಕು ಕುಡಿದು, ಲೋಟ ಅವಳ ಕೈಗಿಟ್ಟೆ. ಬಹಳ ಹೊತ್ತು ಲೋಟ ನೋಡಿದಳು. "ಬೈಯಂಗಿಲ್ಲೇನು?" ಅಂದಳು.

ಬೈಯಂಗಿಲ್ಲ ಅವ್ವ. ಕುಡಿ.

ಜೈ ಭೀಮ್.