ಬಾಡಿಗೆ ಕೋಣೆಯ ಕರೆಂಟನ್ನು ಯಾರು ನೋಡಬೇಕು?

ದಾಬಸ್‌ಪೇಟೆಯಲ್ಲಿ ಕೆಲಸ ಸಿಕ್ಕಿತು ಎಂದು ಮಗ ಫೋನ್ ಮಾಡಿದರೆ ಮನೆಯಲ್ಲಿ ಮೊದಲು ಕೇಳುವುದು ಸಂಬಳ ಎಷ್ಟು ಎಂದು. ಆಮೇಲೆ ಊಟಕ್ಕೆ ಏನು ಮಾಡ್ತಿ, ಮಸೀದಿ ಹತ್ತಿರ ಉಂಟಾ ಎಂಬ ಪ್ರಶ್ನೆಗಳು. ಉಳಿದುಕೊಂಡ ಕೋಣೆಯ ಕರೆಂಟು ಹೇಗಿದೆ ಎಂದು ಉಪ್ಪನೂ ಕೇಳುವುದಿಲ್ಲ, ಉಮ್ಮನೂ ಕೇಳುವುದಿಲ್ಲ. ಅದನ್ನೂ ಕೇಳಬೇಕು ಎನ್ನುವುದು ನಮ್ಮ ಈ ವಾರದ ಮಾತು.

ನೆಲಮಂಗಲ ತಾಲೂಕಿನ ಆ ಊರಿನ ಪಕ್ಕದಲ್ಲೇ ಸೋಂಪುರ ಕೈಗಾರಿಕಾ ಪ್ರದೇಶ. ಕಾರ್ಖಾನೆ ಬಂದ ಕಡೆ ಬಾಡಿಗೆ ಕೋಣೆಗಳ ಸಾಲು ಏಳುತ್ತದೆ. ಇಂಥ ಕೋಣೆಗೆ ಸಾಮಾನ್ಯವಾಗಿ ಒಂದು ಬಲ್ಬು, ಒಂದು ಫ್ಯಾನು, ಒಂದು ಪ್ಲಗ್ ಪಾಯಿಂಟಿನ ಲೆಕ್ಕದಲ್ಲಿ ವೈರಿಂಗ್ ಮಾಡಿರುತ್ತಾರೆ. ನಾಲ್ಕು ಮಂದಿ ಸೇರಿದರೆ ಅದೇ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಬರುತ್ತದೆ. ಅದಕ್ಕೆ ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ಚಳಿಗೆ ಬಕೆಟಿನಲ್ಲಿಳಿಸುವ ಹೀಟರ್ ರಾಡ್. 2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಬಿಲ್ಲಿನ ಚಿಂತೆ ತಪ್ಪಿತು. ಒಳ್ಳೆಯದೇ. ಆದರೆ ಬಿಲ್ಲು ಸೊನ್ನೆಯಾಯಿತೆಂದು ಗೋಡೆಯೊಳಗಿನ ವೈರು ದಪ್ಪ ಆಗಲಿಲ್ಲ.

ಲೆಕ್ಕ ಸುಲಭ. ನಮ್ಮ ಮನೆಗೆ ಬರುವುದು 230 ವೋಲ್ಟ್. ಸಣ್ಣ ಪ್ಲಗ್ ತಡೆಯುವುದು 6 ಆಂಪಿಯರ್, ಅಂದರೆ 1380 ವಾಟ್. ಹೀಟರ್ ರಾಡ್ ಒಂದೇ 1500 ವಾಟ್. ಅದರ ದೊಡ್ಡ ಪ್ಲಗ್ ಸಣ್ಣದಕ್ಕೆ ಹೋಗುವುದಿಲ್ಲ ಎಂದು ವೈರಿನ ತುದಿ ಸುಲಿದು, ತೂತಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸುವವರಿದ್ದಾರೆ. ಇದಕ್ಕೆ ಜಾಣತನ ಅಂತ ಹೇಳ್ತಾರಾ ಮಾರಾಯ್ರೆ?

“ಎಂಸಿಬಿ ಉಂಟಲ್ಲ, ಟ್ರಿಪ್ ಆಗ್ತದೆ” ಎಂಬ ಧೈರ್ಯ ಇನ್ನೊಂದು. ಇಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಎಂಸಿಬಿ, ಫ್ಯೂಸ್ ಇರುವುದು ವೈರು ಸುಡದಂತೆ ಕಾಯಲು. 16 ಆಂಪಿಯರಿನ ಎಂಸಿಬಿ ಅಷ್ಟು ಕರೆಂಟು ಮೀರಿದರೆ ಬೀಳುತ್ತದೆ. ಮನುಷ್ಯನ ಹೃದಯ ನಿಲ್ಲಿಸಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಸಾಕು. ಒದ್ದೆ ಕೈಯಲ್ಲಿ ಹುಡುಗ ಒದ್ದಾಡುತ್ತಿದ್ದರೂ ಎಂಸಿಬಿಗೆ ಅದು ಗೊತ್ತೇ ಆಗದು. ಜೀವ ಕಾಯುವ ಸಾಧನ ಬೇರೆ: ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ, ಅಂದರೆ ಯಾರದೋ ಮೈಯ ಮೂಲಕ ಅದು ನೆಲಕ್ಕೆ ಹರಿಯುತ್ತಿದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿದುಬಿಡುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದೂ ಕೈಲಾಗದು, ನಿಜ. ಆದರೆ ರಾಡ್, ಗೀಸರ್, ಫ್ರಿಜ್, ವಾಷಿಂಗ್ ಮೆಷಿನ್ನಿನ ಮೈಗೆ ಕರೆಂಟು ಬಂದಾಗ ಉಳಿಸುವುದು ಅದೇ. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ. ಬೆಲೆ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ.

ಅರ್ಥಿಂಗ್ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯ ನೆಲಕ್ಕೂ ಶಿವಗಂಗೆಯ ಬುಡದ ನೆಲಕ್ಕೂ ಹೋಲಿಕೆ ಬೇಡ. ಒಣ ಮಣ್ಣಿನಲ್ಲಿ, ಬಂಡೆಯಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಅರ್ಥ್ ಗುಂಡಿಗೆ ಬೇಸಗೆಯಲ್ಲಿ ನೀರು ಹಾಕಬೇಕು. ಗುಂಡಿಯೇ ಇಲ್ಲದಿದ್ದರೆ ಪ್ಲಗ್ಗಿನ ಮೂರನೇ ತೂತು ಬರೀ ಅಲಂಕಾರ. ಆ ಉದ್ದ ಪಿನ್ ಎಲ್ಲದಕ್ಕಿಂತ ಮೊದಲು ಒಳಹೋಗಲಿ ಎಂದೇ ಉದ್ದ ಮಾಡಿದ್ದು, ಕತ್ತರಿಸಲಿಕ್ಕಲ್ಲ.

ರಾಡ್ ಬಳಸುವವರು ಪ್ಲಾಸ್ಟಿಕ್ ಬಕೆಟನ್ನೇ ಬಳಸಲಿ. ರಾಡ್ ನೀರಿಗೆ ಇಳಿಸಿದ ಮೇಲೆಯೇ ಸ್ವಿಚ್ ಹಾಕಲಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಲಿ. ಸುಬ್‌ಹಿಗೆ ಎದ್ದ ನಿದ್ದೆಗಣ್ಣಿನಲ್ಲಿ ಬೆರಳದ್ದಿ ಬಿಸಿ ನೋಡುವ ಅಭ್ಯಾಸವೇ ಅಪಾಯ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ಕಂಬಕ್ಕೋ ಸರ್ವಿಸ್ ವೈರಿನ ಕೊಂಡಿಗೋ ಕಟ್ಟಿದ್ದರೆ ಇವತ್ತೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ.

ಮಕ್ಕಳಿರುವ ಮನೆಗೆ ಇನ್ನೊಂದು ಮಾತು. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲೂಕಿನಲ್ಲಿ ಎಂಟು ತಿಂಗಳ ಮಗುವೊಂದು, ಸ್ವಿಚ್ ಆನ್ ಇದ್ದ ಚಾರ್ಜರಿನ ತುದಿಯನ್ನು ಬಾಯಿಗಿಟ್ಟುಕೊಂಡು ತೀರಿಕೊಂಡಿತು. ಮೊಬೈಲ್ ತೆಗೆದ ಕೈಯಲ್ಲೇ ಸ್ವಿಚ್ಚೂ ಆರಿಸಲು ಎಷ್ಟು ಹೊತ್ತು ಬೇಕು?

ಯಾರಿಗಾದರೂ ಶಾಕ್ ಹೊಡೆದರೆ ಕೈ ಹಿಡಿದು ಎಳೆಯಬಾರದು, ಎಳೆದವರೂ ಹೋಗುತ್ತಾರೆ. ಮೊದಲು ಮೇನ್ ಸ್ವಿಚ್. ಅದು ಸಿಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಒತ್ತುತ್ತಲೇ ಇರಿ. ಬೀದಿಯ ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಹೇಳಿ.

ಮೀಟರಿನಿಂದ ಒಳಗಿನ ವೈರಿಂಗ್ ಬೆಸ್ಕಾಂನದ್ದಲ್ಲ, ಕಟ್ಟಡದವರದ್ದು. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಅರ್ಥಿಂಗ್ ಎಲ್ಲಿ, ಆರ್‌ಸಿಸಿಬಿ ಎಲ್ಲಿ ಎಂದು ಮಾಲೀಕರನ್ನು ಕೇಳಲು ಮಗನಿಗೆ ಹೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವವರ ಕೋಣೆ ಬೇಡ. ಇದೇ ಪ್ರಶ್ನೆ ನಮ್ಮ ಊರಿಗೂ ತಿರುಗುತ್ತದೆ. ನಮ್ಮಲ್ಲೂ ಮನೆ ಹಿಂದೆ ಲೈನ್ ಕೋಣೆ ಕಟ್ಟಿ ಹೊರ ರಾಜ್ಯದ ಹುಡುಗರಿಗೆ ಬಾಡಿಗೆ ಕೊಟ್ಟವರು ಇದ್ದಾರೆ. ಆ ಕೋಣೆಗಳಲ್ಲಿ ಆರ್‌ಸಿಸಿಬಿ ಹಾಕಿಸಿದ್ದೇವಾ? ಹಾಕಿಸದಿದ್ದವರು ಮಳೆಗಾಲಕ್ಕೆ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ತೋರಿಸಲಿ.