ಸಹಿ ಹಾಕುವ ಮುನ್ನ: ಬಾಯಿ ಕ್ಯಾನ್ಸರ್ ಸಂಶೋಧನೆ ಮತ್ತು ನಮ್ಮವರು

ಕಳೆದ ತಿಂಗಳ ಒಂದು ರವಿವಾರ ಸಂಘದ ಕಾರ್ಯಕಾರಿ ಸಮಿತಿಯ ಸಭೆ ಮುಗಿದು ಚಹಾ ಬರುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು ಒಂದು ಕಟ್ಟು ಕಾಗದ ಕೈಗಿತ್ತರು. "ನೀವು ಬ್ಯಾಂಕಿನವರು, ಇಂಥ ಫಾರ್ಮು ದಿನಾ ನೋಡುವವರು. ಸ್ವಲ್ಪ ಓದಿ ಹೇಳಿ ಮಾರಾಯ್ರೆ, ಸಹಿ ಹಾಕಬಹುದಾ?" ಎಂದರು. ಕುಂದಾಪುರ ಕಡೆಯಿಂದ ಅವರ ಅಕ್ಕನ ಮಗ ಚಿಕಿತ್ಸೆಗೆಂದು ಮುಂಬಯಿಗೆ ಬಂದು ಒಂದೂವರೆ ತಿಂಗಳಾಗಿತ್ತು. ನಾಲಗೆಯ ಬದಿಯಲ್ಲಿ ಹುಣ್ಣು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿತ್ತು. ಆಪರೇಷನ್ ನಂತರ ರೇಡಿಯೇಶನ್ ಜೊತೆಗೆ ಕೊಡುವ ಔಷಧಿಯ ಎರಡು ಕ್ರಮಗಳನ್ನು ಹೋಲಿಸುವ ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರುವಿರಾ ಎಂದು ಆಸ್ಪತ್ರೆಯ ವೈದ್ಯರು ಕೇಳಿ, ಮನೆಗೆ ಒಯ್ದು ಓದಿ ನಿಧಾನವಾಗಿ ತಿಳಿಸಿ ಎಂದು ಆ ಕಾಗದ ಕೊಟ್ಟಿದ್ದರು. ಮನೆಯಲ್ಲಿ ಮಾತ್ರ ಅಳು ಶುರುವಾಗಿತ್ತು. "ನಮ್ಮ ಹುಡುಗನ ಮೇಲೆ ಪ್ರಯೋಗ ಮಾಡುತ್ತಾರಂತೆ."

ನಾನು ವೈದ್ಯನಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ಗುಮಾಸ್ತ. ಆದರೆ ಕಾಗದ ಓದುವುದು ಮತ್ತು ಅಂಕಿ ಲೆಕ್ಕ ಹಾಕುವುದು ನನ್ನ ಕಸುಬು. ಆ ನೆಪದಲ್ಲಿ ಕೆಲವು ದಿನ ಈ ವಿಷಯದ ಬೆನ್ನು ಹತ್ತಿದೆ. ತಿಳಿದುಬಂದ ಸಂಗತಿಗಳು ಸಂಘದ ಎಲ್ಲ ಬಾಂಧವರಿಗೂ ಬೇಕಾದವು. ಏಕೆಂದರೆ ಊರಿನಿಂದ ಪರೇಲ್‌ಗೆ ಬರುವ ರೋಗಿಗಳು ಇಳಿದುಕೊಳ್ಳುವುದು ನಮ್ಮ ನಿಮ್ಮ ಖೋಲಿಗಳಲ್ಲೇ.

ಮೊದಲು ರೋಗದ ಗಾತ್ರ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ತುಟಿ ಮತ್ತು ಬಾಯಿಯ ಹೊಸ ಕ್ಯಾನ್ಸರ್ ಪ್ರಕರಣಗಳು ಸುಮಾರು 1 ಲಕ್ಷ 43 ಸಾವಿರ. ನಮ್ಮ ದೇಶದ ಗಂಡಸರಲ್ಲಿ ಇದೇ ಮೊದಲ ಸ್ಥಾನದ ಕ್ಯಾನ್ಸರ್. ತಂಬಾಕು, ಗುಟ್ಕಾ ಕಾರಣವೆಂದು ಎಲ್ಲರಿಗೂ ಗೊತ್ತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿದೆ. ಈ ಮಾತು ಬಂದರೆ ನಮ್ಮ ಸಭೆಗಳಲ್ಲಿ ಕೆಲವರ ಮುಖ ಸಣ್ಣದಾಗುತ್ತದೆ. ಊರಲ್ಲಿ ಅರ್ಧ ಎಕರೆ ತೋಟ ನನಗೂ ಇದೆ, ಆದ್ದರಿಂದ ಹೆಚ್ಚು ಹೇಳಲಾರೆ.

ಈಗ ಸುದ್ದಿಗೆ ಬರುತ್ತೇನೆ. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಆಪರೇಷನ್‌ಗೆ ಮೊದಲೂ ನಂತರವೂ ಕೊಡಲು ಒಪ್ಪಿಗೆ ನೀಡಿತು. ಅದಕ್ಕೆ ಆಧಾರ 714 ರೋಗಿಗಳ ಮೇಲೆ ಕಂಪನಿ ನಡೆಸಿದ ಅಧ್ಯಯನ. ಮೂರು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಅಥವಾ ಉಲ್ಬಣಿಸದೆ ಬದುಕಿದ್ದವರು ಹಳೆಯ ಚಿಕಿತ್ಸೆಯಲ್ಲಿ ಶೇ. 46.4, ಹೊಸದರಲ್ಲಿ ಶೇ. 57.6. ಒಳ್ಳೆಯ ಫಲಿತಾಂಶವೇ, ಸಂಶಯವಿಲ್ಲ. ಆದರೆ ಕ್ರಮ ನೋಡಿ: ಆಪರೇಷನ್‌ಗೆ ಮೊದಲು 2 ಡೋಸ್, ನಂತರ 15, ಒಟ್ಟು 17. ಪಟ್ಟಿಯ ದರದಲ್ಲಿ ಪ್ರತಿ ಡೋಸೂ ಲಕ್ಷದ ಲೆಕ್ಕ. ಆಯುಷ್ಮಾನ್ ಭಾರತದಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ ಸಿಗುವ ಮಿತಿ 5 ಲಕ್ಷ. ಹೊಟೇಲಿನ ಗಲ್ಲೆಯ ಮೇಲೆ ಕುಳಿತವನಿಗೂ ಈ ಲೆಕ್ಕ ಹೊಂದುವುದಿಲ್ಲ, ಒಳಗೆ ಪಾತ್ರೆ ತೊಳೆಯುವವನ ಮಾತಂತೂ ದೂರ.

ಹಾಗಾದರೆ ನಮ್ಮಂಥವರ ಪ್ರಶ್ನೆಯನ್ನು ಕೇಳುವವರು ಯಾರು? ಎಷ್ಟು ಹೆಚ್ಚು ಕೊಟ್ಟರೆ ಗುಣ ಎಂದು ಔಷಧ ಕಂಪನಿ ಕೇಳುತ್ತದೆ. ಎಷ್ಟು ಕಡಿಮೆ ಕೊಟ್ಟರೂ ಸಾಕು ಎಂದು ಅದು ಕೇಳುವುದಿಲ್ಲ. ಇದರಲ್ಲಿ ಕಂಪನಿಯನ್ನು ಬೈಯುವುದೇನೂ ಇಲ್ಲ. ಗ್ರಾಹಕನಿಗೆ ಸಣ್ಣ ಸಾಲ ಸಾಕೇ ಎಂದು ಯಾವ ಬ್ಯಾಂಕೂ ಸಮೀಕ್ಷೆ ನಡೆಸಿದ್ದನ್ನು ನಾನು ಕಂಡಿಲ್ಲ. ಆ ಎರಡನೆಯ ಪ್ರಶ್ನೆಯನ್ನು ಕೇಳುವುದು ಸರಕಾರಿ ಹಣದಲ್ಲಿ ನಡೆಯುವ ಆಸ್ಪತ್ರೆಗಳು. ಅವುಗಳಲ್ಲಿ ಮುಖ್ಯವಾದದ್ದು ನಮ್ಮ ಪರೇಲ್‌ನಲ್ಲೇ ಇದೆ. 1941ರಲ್ಲಿ ಟಾಟಾ ಟ್ರಸ್ಟ್ ಕಟ್ಟಿದ, 1962ರಿಂದ ಅಣುಶಕ್ತಿ ಇಲಾಖೆಯ ಅಧೀನದಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆ.

ಅಲ್ಲಿನ ಡಾ. ವಿಜಯ್ ಪಾಟೀಲ್, ಡಾ. ವನಿತಾ ನೊರೊನ್ಹಾ, ಡಾ. ಕುಮಾರ್ ಪ್ರಭಾಷ್ ಮೊದಲಾದವರ ತಂಡ 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಬ್ಯಾಂಕ್ ಗುಮಾಸ್ತನಿಗೆ ಹೇಳಿ ಮಾಡಿಸಿದಂತಿದೆ. ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಯ ರೂಢಿಯ ಡೋಸು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಇವರು ಕೊಟ್ಟದ್ದು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ. ಆರು ವಾರದ ಲೆಕ್ಕ ಹಾಕಿದರೆ ಅಲ್ಲಿ 720, ಇಲ್ಲಿ 40. ಅಂದರೆ ಹದಿನೆಂಟರಲ್ಲಿ ಒಂದು ಪಾಲು! ಗುಣಪಡಿಸಲಾಗದ ಹಂತ ತಲುಪಿದ್ದ 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಅಗ್ಗದ ಮೂರು ಔಷಧಿಗಳ ಮಾತ್ರೆ ಮಾತ್ರ, ಉಳಿದವರಿಗೆ ಅದರ ಜೊತೆ ಈ ಸಣ್ಣ ಡೋಸು. ಒಂದು ವರ್ಷದ ನಂತರ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ಶೇ. 16.3, ಸಣ್ಣ ಡೋಸು ಸೇರಿದ ಗುಂಪಿನಲ್ಲಿ ಶೇ. 43.4.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೂರ್ತಿ ಡೋಸು ಪಡೆದ ಮೂರನೆಯ ಗುಂಪು ಈ ಅಧ್ಯಯನದಲ್ಲಿ ಇರಲಿಲ್ಲ. ಆದ್ದರಿಂದ 20 ಮಿಲಿಗ್ರಾಂ 240ಕ್ಕೆ ಸಮ ಎಂದು ಇದರಿಂದ ಯಾರೂ ಹೇಳುವಂತಿಲ್ಲ. ಏನೂ ಸಿಗದವನಿಗೆ ಈ ಸಣ್ಣ ಡೋಸಿನಿಂದ ನಿಜವಾದ ಲಾಭವಿದೆ ಎಂದಷ್ಟೇ ಹೇಳಬಹುದು. ಅಷ್ಟೂ ಸಣ್ಣ ಮಾತಲ್ಲ.

ಅದಕ್ಕೂ ಮೊದಲು 2020ರಲ್ಲಿ ಪ್ರಕಟವಾದ ಇದೇ ತಂಡದ ಇನ್ನೊಂದು ಅಧ್ಯಯನ ಊರಿನಿಂದ ಬರುವವರ ಮಟ್ಟಿಗೆ ಇನ್ನೂ ಹತ್ತಿರದ್ದು. ಇಂಥದೇ ಹಂತದ 422 ರೋಗಿಗಳು. ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಸಿಸ್‌ಪ್ಲಾಟಿನ್ ಸಲೈನ್. ಇನ್ನೊಂದಕ್ಕೆ ಮನೆಯಲ್ಲೇ ನುಂಗುವ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಮಾತ್ರೆ. ಮಾತ್ರೆಯವರ ಆಯುಸ್ಸಿನ ಮಧ್ಯಮಾಂಕ 7.5 ತಿಂಗಳು, ಸಲೈನಿನವರದು 6.1. ತೀವ್ರ ಅಡ್ಡಪರಿಣಾಮವೂ ಮಾತ್ರೆಯಲ್ಲೇ ಕಡಿಮೆ. ಒಂದೂವರೆ ತಿಂಗಳು ಏನು ಮಹಾ ಎನ್ನಬೇಡಿ. ಆ ಏಳು ತಿಂಗಳನ್ನು ಮುಂಬಯಿಯ ಫುಟ್‌ಪಾತಿನಲ್ಲೋ, ಭಾವನ ಹತ್ತು ಬೈ ಹನ್ನೆರಡರ ಖೋಲಿಯಲ್ಲೋ ಕಳೆಯುವುದಕ್ಕೂ ಮಾತ್ರೆಯ ಪೊಟ್ಟಣ ಹಿಡಿದು ಊರಿನ ಜಗಲಿಯಲ್ಲಿ ಹೆಂಡತಿ ಮಕ್ಕಳ ಜೊತೆ ಕಳೆಯುವುದಕ್ಕೂ ವ್ಯತ್ಯಾಸ ಗೊತ್ತಿರುವವರು ಈ ಪತ್ರಿಕೆಯ ಓದುಗರು.

ಕಡಿಮೆ ಕೊಟ್ಟರೆ ಯಾವಾಗಲೂ ಸಾಕು ಎಂದೇನಲ್ಲ. ಅದಕ್ಕೂ ಪರೇಲ್‌ನಿಂದಲೇ ಪುರಾವೆ ಬಂದಿದೆ. ರೇಡಿಯೇಶನ್ ಜೊತೆಗೆ ಸಿಸ್‌ಪ್ಲಾಟಿನ್ ಅನ್ನು ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಡುವುದು ನಮ್ಮಲ್ಲಿ ರೂಢಿಯಾಗಿತ್ತು, ರೋಗಿಗೆ ಸಹಿಸಲು ಸುಲಭವೆಂದು. 300 ರೋಗಿಗಳಲ್ಲಿ ಹೋಲಿಸಿ ನೋಡಿದಾಗ (2018ರ ಪ್ರಕಟಣೆ) ಎರಡು ವರ್ಷದಲ್ಲಿ ರೋಗ ಬಾಯಿ-ಕುತ್ತಿಗೆಯ ಭಾಗದಲ್ಲಿ ಹತೋಟಿಯಲ್ಲಿದ್ದದ್ದು ವಾರಕ್ಕೊಮ್ಮೆ 30 ಮಿಲಿಗ್ರಾಂ ಪ್ರಮಾಣದಲ್ಲಿ ಪಡೆದವರಲ್ಲಿ ಶೇ. 58.5, ಮೂರು ವಾರಕ್ಕೊಮ್ಮೆ 100 ಪಡೆದವರಲ್ಲಿ ಶೇ. 73.1. ಅಡ್ಡಪರಿಣಾಮ ದೊಡ್ಡ ಡೋಸಿನಲ್ಲಿ ಹೆಚ್ಚೇ ಇತ್ತು, ಆದರೂ ರೋಗದ ಹತೋಟಿಯಲ್ಲಿ ಅದೇ ಮುಂದು. ಮುಂದೆ 2022ರಲ್ಲಿ ಜಪಾನಿನವರು ಆಪರೇಷನ್ ಆದವರಲ್ಲಿ ವಾರಕ್ಕೆ 40 ಕೊಟ್ಟರೆ ಮೂರು ವಾರದ 100ಕ್ಕಿಂತ ಕಡಿಮೆಯೇನಲ್ಲ ಎಂದು ತೋರಿಸಿದರು. 30 ಮತ್ತು 40ರ ನಡುವೆ ಇಷ್ಟೊಂದಿದೆ. ಊಹೆಯಿಂದ ಇದು ತಿಳಿಯುವ ಸಂಗತಿಯೇ?

"ಆದರೆ ಸೋತ ಗುಂಪಿನಲ್ಲಿ ನಮ್ಮ ಹುಡುಗ ಸಿಕ್ಕಿಕೊಂಡರೆ?" ಇದು ನಮ್ಮ ಹಿರಿಯರು ಕೇಳಿದ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ, ಕಂಪ್ಯೂಟರ್ ಚೀಟಿ ಎತ್ತಿದಂತೆ ಆರಿಸುತ್ತದೆ. ಆರಿಸುವ ಅಧಿಕಾರ ವೈದ್ಯರಿಗೆ ಕೊಟ್ಟರೆ ಗಟ್ಟಿಮುಟ್ಟಾದವರೆಲ್ಲ ಒಂದು ಕಡೆ ಸೇರಿ ಲೆಕ್ಕ ಕೆಡುತ್ತದೆ.

ಇದಕ್ಕೆ ಉತ್ತರವಾಗಿ ನಾನು ಅವರಿಗೆ ಹೇಳಿದ್ದು ಕುತ್ತಿಗೆ ಆಪರೇಷನ್ನಿನ ಕಥೆ. ಬಾಯಿಯಲ್ಲಿ ಸಣ್ಣ ಗಡ್ಡೆ ಇದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದರೆ ಏನು ಮಾಡಬೇಕು? ಬಾಯಿಯ ಆಪರೇಷನ್ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಕಾಣಿಸಿಕೊಂಡಾಗ ತೆಗೆದರಾಯಿತೇ? ಜಗತ್ತಿನಾದ್ಯಂತ ಶಸ್ತ್ರಚಿಕಿತ್ಸಕರು ದಶಕಗಳ ಕಾಲ ವಾದಿಸಿದ ವಿಷಯ. ಕಾದರೆ ಅನೇಕರಿಗೆ ದೊಡ್ಡ ಕೊಯ್ತ, ಭುಜದ ನೋವು ತಪ್ಪುತ್ತದೆ. ಎರಡೂ ಪದ್ಧತಿ ಎಲ್ಲೆಡೆ ನಡೆಯುತ್ತಿತ್ತು, ಆಯಾ ವೈದ್ಯರ ನಂಬಿಕೆಯಂತೆ. ಡಾ. ಅನಿಲ್ ಡಿಕ್ರೂಜ್ ನೇತೃತ್ವದಲ್ಲಿ ಟಾಟಾ ಆಸ್ಪತ್ರೆ 2004ರಿಂದ 2014ರ ತನಕ 596 ರೋಗಿಗಳನ್ನು ಸೇರಿಸಿಕೊಂಡಿತು. ಮೊದಲ 500 ಜನರ ಫಲಿತಾಂಶ 2015ರಲ್ಲಿ ಹೊರಬಂತು. ಮೂರು ವರ್ಷ ಬದುಕಿದವರು ಮೊದಲೇ ಕುತ್ತಿಗೆ ಆಪರೇಷನ್ ಆದವರಲ್ಲಿ ಶೇ. 80, ಕಾದವರಲ್ಲಿ ಶೇ. 67.5. ವ್ಯತ್ಯಾಸ ಹನ್ನೆರಡೂವರೆ, ಅಂದರೆ ಎಂಟು ಜನರಿಗೆ ಒಂದು ಜೀವ. ದಶಕಗಳ ವಾದಕ್ಕೆ ಉತ್ತರ ಸಿಕ್ಕಿದ್ದು ಪರೇಲ್‌ನ ಸಾಮಾನ್ಯ ರೋಗಿಗಳು ಹಾಕಿದ ಸಹಿ ಮತ್ತು ಹೆಬ್ಬೆಟ್ಟಿನಿಂದ. ಕಾದ ಗುಂಪಿನವರಿಗೆ ಅನ್ಯಾಯವಾಯಿತೇ? ಸೇರುವಾಗ ಯಾವುದು ಮೇಲು ಎಂದು ಯಾರಿಗೂ ಗೊತ್ತಿರಲಿಲ್ಲ. ಟ್ರಯಲ್‌ಗೆ ಸೇರದೆ ಬೇರೆ ವೈದ್ಯರ ಬಳಿ ಹೋಗಿದ್ದರೂ ಅವರಲ್ಲಿ ಅನೇಕರಿಗೆ ಅದೇ ಕಾಯುವ ಚಿಕಿತ್ಸೆಯೇ ಸಿಗುತ್ತಿತ್ತು.

ಹಾಗೆಂದು ಕಣ್ಣುಮುಚ್ಚಿ ಸಹಿ ಹಾಕಿ ಎಂದು ನಾನು ಹೇಳಲಾರೆ. ಈ ದೇಶದಲ್ಲಿ ಔಷಧ ಪ್ರಯೋಗಗಳ ಹೆಸರಿನಲ್ಲಿ ಬಡವರಿಗೆ ಅನ್ಯಾಯವಾದದ್ದುಂಟು. 2013ರಲ್ಲಿ ಸುಪ್ರೀಂ ಕೋರ್ಟ್ ಸರಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡ ಮೇಲೆ ಬಿಗಿ ಹೆಚ್ಚಿತು, 2019ರಲ್ಲಿ ಹೊಸ ನಿಯಮಾವಳಿಯೇ ಬಂತು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. 2009ರ ಜೂನ್‌ನಿಂದ ಪ್ರತಿ ಟ್ರಯಲ್ ಕೇಂದ್ರದ ನೋಂದಣಿ ಪಟ್ಟಿಯಲ್ಲಿ ಇರಲೇಬೇಕು. ಅದು ಯಾರು ಬೇಕಾದರೂ ನೋಡಬಹುದಾದ ಪಟ್ಟಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ, ಹೊರಬಂದನೆಂದು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಮಾಹಿತಿ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗಬೇಕು. ಅವನಿಗೆ ಓದಲು ಬಾರದಿದ್ದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ವಿವರಣೆಯ ಉದ್ದಕ್ಕೂ ಹಾಜರಿದ್ದು ತಾವೂ ಸಹಿ ಹಾಕಬೇಕು.

ಈ ಕೊನೆಯ ಅಂಶವೇ ನನಗೆ ಸಂಘದ ಕೆಲಸವಾಗಿ ಕಂಡದ್ದು. ಮೂವತ್ತು ವರ್ಷ ಕೌಂಟರಿನ ಹಿಂದೆ ಕುಳಿತು, ಗುರುತು ಮಾಡಿದ ಕಡೆಯಲ್ಲೆಲ್ಲ ಒಂದಕ್ಷರ ಓದದೆ ಸಹಿ ಹಾಕಿದವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಅವಸರದಲ್ಲಿ "ಇಲ್ಲಿ ಹಾಕಿ, ಇಲ್ಲಿ ಹಾಕಿ" ಎಂದು ಬೆರಳು ತೋರಿಸಿದವರಲ್ಲಿ ನಾನೂ ಒಬ್ಬ. ಇಂಗ್ಲಿಷ್, ಮರಾಠಿ ಓದಿ ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಬಲ್ಲ ನಿವೃತ್ತರು ನಮ್ಮ ಪ್ರತಿ ಸಂಘದಲ್ಲಿ ನಾಲ್ಕೈದು ಜನ ಇದ್ದೇ ಇದ್ದಾರೆ. ಸನ್ಮಾನ ಸಮಾರಂಭಗಳ ನಡುವೆ ಒಂದರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು.

ನಮ್ಮ ಹಿರಿಯರಿಗೆ ನಾನು ಒಂದು ಚೀಟಿಯಲ್ಲಿ ಪ್ರಶ್ನೆಗಳನ್ನು ಬರೆದುಕೊಟ್ಟೆ. ಟ್ರಯಲ್‌ಗೆ ಸೇರದಿದ್ದರೆ ಈಗ ಯಾವ ಚಿಕಿತ್ಸೆ ಕೊಡುತ್ತೀರಿ? ಎರಡೂ ಗುಂಪಿನ ಚಿಕಿತ್ಸೆ ಈಗಾಗಲೇ ಬಳಕೆಯಲ್ಲಿದೆಯೇ? ಔಷಧಿ ಮತ್ತು ಹೆಚ್ಚುವರಿ ತಪಾಸಣೆಗಳ ಖರ್ಚು ಯಾರದು? ನೋಂದಣಿ ಸಂಖ್ಯೆ ಎಷ್ಟು? ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಮಾವ-ಅಳಿಯ ಇಬ್ಬರೂ ಬುಧವಾರ ಹೋಗಿ ಕೇಳಿಬಂದರು. ಎರಡು ಕ್ರಮಗಳೂ ಬಳಕೆಯಲ್ಲಿರುವವೇ ಎಂದು ವೈದ್ಯರು ಅರ್ಧ ಗಂಟೆ ಕೂರಿಸಿ ವಿವರಿಸಿದರಂತೆ, ಖರ್ಚಿನ ಉತ್ತರವನ್ನು ಕಾಗದದ ಅಂಚಿನಲ್ಲಿ ಬರೆದೂ ಕೊಟ್ಟರಂತೆ. ಹುಡುಗ ಶನಿವಾರ ಸಹಿ ಹಾಕಿದ. ಯಾವ ಗುಂಪು ಬಂತು ಎಂದು ನಾನು ಕೇಳಿಲ್ಲ. ಮೊದಲ ವಾರದ ರೇಡಿಯೇಶನ್ ಮುಗಿದಿದೆ, ಗಂಜಿ ಇಳಿಯುತ್ತಿದೆ ಎಂದು ಹಿರಿಯರು ನಿನ್ನೆ ಫೋನ್ ಮಾಡಿದ್ದರು.