ಕೃಷಿಕನ ಮನೆಗೆ ಕೋವಿ: ಬೇಕೇ? ಬೇಕಾದರೆ ಎಂಥದು?

ಕಾಡುಹಂದಿಯ ಹಾವಳಿಯಿಂದ ಬೇಸತ್ತ ನಮ್ಮ ಕಾಸರಗೋಡು ಸೀಮೆಯ ಕೃಷಿಕರ ಬಾಯಲ್ಲಿ ‘ಒಂದು ಕೋವಿ ಇದ್ದಿದ್ದರೆ!’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮರಗೆಣಸು, ಕೆಸು, ಬಾಳೆ, ತೆಂಗಿನ ಸಸಿಗಳು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದವನು ಹಾಗೆನ್ನದೆ ಇನ್ನೇನೆಂದಾನು? ಗುಡ್ಡೆಯ ಬದಿಯ ಒಂಟಿಮನೆಯವರಿಗೆ ಕಳ್ಳರ ಭಯ ಬೇರೆ. ಆದರೆ ಕೋವಿಯು ಹಾರೆ ಪಿಕ್ಕಾಸಿನಂತೆ ತಂದು ಮೂಲೆಗೆ ಒರಗಿಸಿಡುವ ಸಾಧನವಲ್ಲ. ಕೊಳ್ಳುವ ಮೊದಲು ಕೆಲವು ವಿಚಾರಗಳನ್ನು ತಿಳಿದಿರುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.

ಮೊದಲು ಆಯ್ಕೆಯ ಮಾತು. ಹಿರಿಯರ ಕಾಲದ ಕೇಪಿನ ಕೋವಿಗೆ ಪ್ರತಿ ಬೆಡಿಗೂ ಮದ್ದು, ಚರೆಗಳನ್ನು ಹೊಸದಾಗಿ ತುಂಬಬೇಕು. ಆಟಿಯ ತೇವಕ್ಕೆ ಮದ್ದು ಹಸಿಯಾದರೆ ಹೊತ್ತಿಗೆ ಸಿಡಿಯದು. ರೈಫಲಿನ ಗುಂಡು ಒಂದು ಮೈಲಿಗೂ ಮಿಕ್ಕಿ ಹಾರಬಲ್ಲುದು. ಮನೆ, ತೋಟ, ಕಾಲುದಾರಿಗಳು ಒತ್ತಾಗಿರುವ ನಮ್ಮ ಊರಿಗೆ ಅದು ತಕ್ಕುದಲ್ಲ. ಪಿಸ್ತೂಲು, ರಿವಾಲ್ವರುಗಳಲ್ಲಿ ಗುರಿ ಹಿಡಿಯುವುದಕ್ಕೆ ಬಹಳ ಅಭ್ಯಾಸ ಬೇಕು. ಬೆಳೆ ಕಾಯಲು ಅವು ನಿಷ್ಪ್ರಯೋಜಕ. ಉಳಿದುದು 12 ಬೋರಿನ ತೋಟೆಕೋವಿ. ಒಂದು ಪೌಂಡು ಸೀಸದಿಂದ 12 ಸಮಾನ ಉಂಡೆಗಳನ್ನು ಮಾಡಿದರೆ ಒಂದೊಂದರ ದಪ್ಪವೇ ಅದರ ನಳಿಗೆಯ ಒಳ ಅಳತೆ. ಆ ಹೆಸರಿನ ಅರ್ಥವೂ ಇದೇ. ಚರೆಯ ತೋಟೆಯು ಸುಮಾರು 30-40 ಗಜದೊಳಗೆ ಕೆಲಸಕ್ಕೆ ಬರುತ್ತದೆ. ಗಾಯಗೊಂಡ ಹಂದಿ ಮೈಮೇಲೆ ಬೀಳುವುದುಂಟು. ಆದುದರಿಂದ ಎರಡನೆಯ ಬೆಡಿ ಕೂಡಲೆ ದೊರೆಯುವ ಜೋಡುನಳಿಗೆಯೇ ಲೇಸು. ಮುರಿದು ತೆರೆದೊಡನೆ ತುಂಬಿದೆಯೋ ಬರಿದೋ ಎಂದು ಕಣ್ಣಿಗೆ ಕಾಣುವುದು ಅದರ ಇನ್ನೊಂದು ಗುಣ.

ಇನ್ನು ಕಾನೂನು. 1959ರ ಆಯುಧ ಕಾಯಿದೆಯಂತೆ ಪರವಾನಿಗೆಯಿಲ್ಲದ ಕೋವಿ ಇಟ್ಟುಕೊಂಡವನಿಗೆ ಸೆರೆಮನೆಯೇ ಗತಿ. ಅಜ್ಜನ ಕೋವಿಯೆಂಬ ಸಬೂಬು ನಡೆಯದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮಗಿಲ್ಲ. 2019ರ ತಿದ್ದುಪಡಿಯ ಮೇಲೆ ಪರವಾನಿಗೆಯ ಅವಧಿ 5 ವರ್ಷ. ಪರವಾನಿಗೆ ಇದ್ದ ಮಾತ್ರಕ್ಕೆ ಹಂದಿಗೆ ಬೆಡಿಯಿಡಬಹುದೆಂದೂ ಅಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಆಜ್ಞೆಮಾಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಡಲು ತೀರ್ಮಾನಿಸಿತು. ಈಗ ಯಾವ ಆಜ್ಞೆ ಜಾರಿಯಲ್ಲಿದೆಯೆಂದು ಪಂಚಾಯತಿನಲ್ಲಿ ವಿಚಾರಿಸಿಯೇ ಮುಂದುವರಿಯತಕ್ಕದ್ದು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡವೇ ಕೂಡದು. 2020ರಲ್ಲಿ ಪಾಲಕ್ಕಾಡಿನಲ್ಲಿ ಸಿಡಿಮದ್ದು ಕಚ್ಚಿದ ಗಬ್ಬದ ಆನೆ ಸತ್ತುದನ್ನು ಯಾರು ಮರೆತಾರು? ತಂತಿಗೆ ಹಂದಿಯೆಂದೂ ಹಾಲಿಗೆ ಹೋಗುವ ಹುಡುಗನೆಂದೂ ಭೇದವಿಲ್ಲ.

ಕಳ್ಳರ ವಿಷಯದಲ್ಲಿಯೂ ಎಚ್ಚರ ಬೇಕು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆತ್ಮರಕ್ಷಣೆಯ ಹಕ್ಕು ಇದೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಇಲ್ಲ. ಅಂಗಳದ ಅಡಿಕೆ ಕದ್ದು ಓಡುವವನ ಬೆನ್ನಿಗೆ ಬೆಡಿಯಿಟ್ಟರೆ ಕಳ್ಳನ ಬದಲು ಮನೆಯ ಯಜಮಾನನೇ ಕಟಕಟೆ ಏರಬೇಕಾದೀತು. ಬೀಗ, ಬೆಳಕು, ನಾಯಿ, ಕೂಗಿದರೆ ಓಡಿಬರುವ ನೆರೆಕರೆ, ಇವು ಕೋವಿಗಿಂತ ಮೊದಲು ಮಾಡಿಕೊಳ್ಳತಕ್ಕ ಸಿದ್ಧತೆಗಳು.

ಮಕ್ಕಳ ಕುತೂಹಲವನ್ನು ಶಾಲೆಯಲ್ಲಿ ದಿನನಿತ್ಯ ಕಾಣುವ ನಾವು ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಕೋವಿ ಬರಿದಾಗಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಬೀಗದಕೈ ಯಜಮಾನನ ಸೊಂಟದಲ್ಲಿ ಇರಲಿ. ಗುರಿಯ ಹಿಂದೆ ಏನಿದೆಯೆಂದು ಕಾಣದೆ ಕುದುರೆಗೆ ಬೆರಳು ಹೋಗಬಾರದು. ಪೊದೆ ಅಲುಗಿತೆಂದು ಬೆಡಿಯಿಡುವವನ ಕೈಗೆ ಕೋವಿ ಸಲ್ಲದು.

ಒಟ್ಟಿನಲ್ಲಿ ಮನೆಗೊಂದು ಕೋವಿ ಬೇಡ. ಹತ್ತು ಮನೆಗೆ ಪಳಗಿದ ಪರವಾನಿಗೆದಾರನೊಬ್ಬ ಸಾಕು. ಅವನ ಕೋವಿಯನ್ನು ಎರವಲು ತರಬಾರದು, ಅವನನ್ನೇ ಕರೆಯಬೇಕು. ಅವನ ತೋಟೆಯ ಖರ್ಚನ್ನು ಹತ್ತು ಮನೆಯವರೂ ಹಂಚಿಕೊಳ್ಳಲಿ. ಬೆಳೆನಾಶದ ದೂರನ್ನು ಕನ್ನಡದಲ್ಲಿಯೇ ಬರೆದು ಪಂಚಾಯತಿಗೆ ಕೊಡಿರಿ. ಸಂವಿಧಾನದ 350ನೆಯ ವಿಧಿ ಆ ಹಕ್ಕನ್ನು ಕೊಟ್ಟಿದೆ. ಬೆಳೆ ಹೋದರೆ ಮುಂದಿನ ವರ್ಷ ಬೆಳೆದೀತು; ಹೋದ ಜೀವ ಬಾರದು.